ನಾಳೆ ಬಾ

ಕೇಳುಗರೇ, ನಮಸ್ಕಾರ.

ನಮ್ಮೂರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು, ನೆನಪಿದೆ ಅಲ್ವಾ? ರಾತ್ರಿ ಬಂದ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗಬೇಕು ಅಂತ. ಅಮೆರಿಕದಲ್ಲಿ ನಾನು ಎರಡು ಚಳಿಗಾಲ ಮಾಡಿದ ಕೆಲಸದಲ್ಲಿ ಮುಖ್ಯವಾದ ಭಾಗವೂ ಅದೇ ಆಗಿತ್ತು. ದುಡ್ಡು ಹಿಡಿದುಕೊಂಡು ಬಂದ ಗಿರಾಕಿಗೆ 'ಇವತ್ತು ಬೇಡ, ನಾಳೆ ಬನ್ನಿ' ಎನ್ನುವುದು.

ಅದು ಶಿಕಾಗೊ ಹೊರವಲಯದ ಒಂದು ಟ್ಯಾನಿಂಗ್ ಸಲೂನ್. ಟ್ಯಾನಿಂಗ್ ಅಂದರೆ ಮೈಬಣ್ಣವನ್ನು ಕಂದು ಮಾಡಿಕೊಳ್ಳುವುದು. ಒಂದು ಉದ್ದನೆಯ ಪೆಟ್ಟಿಗೆ, ಅದಕ್ಕೆ ಬೆಡ್ ಅನ್ನುತ್ತಾರೆ, ಒಳಗೆ ಮೇಲೂ ಕೆಳಗೂ ಸಾಲಾಗಿ ಟ್ಯೂಬ್‌ಲೈಟಿನಂಥ ಬಲ್ಬುಗಳು. ಬಟ್ಟೆ ಕಳಚಿ ಅದರೊಳಗೆ ಮಲಗಿ ಮುಚ್ಚಳ ಎಳೆದುಕೊಳ್ಳಬೇಕು. ಬಲ್ಬುಗಳಿಂದ ಬರುವುದು ನೇರಳಾತೀತ ಕಿರಣ, ಯುವಿ ಅಂತೀವಲ್ಲ, ಅದು. ಬಿಸಿಲಿಗೆ ಹೋಗಬೇಡ ಕಪ್ಪಗಾಗುತ್ತೀಯ ಎಂದು ಅಮ್ಮನ ಹತ್ತಿರ ಬೈಸಿಕೊಂಡು ಬೆಳೆದ ನನಗೆ, ಬಿಳಿಯ ಹುಡುಗಿಯರು ಹಿಮ ಸುರಿಯುವ ಸಂಜೆ ಸಾಲುಗಟ್ಟಿ ನಿಂತು ಕಂದು ಬಣ್ಣ ಕೊಳ್ಳುವುದನ್ನು ನೋಡಿ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಆಮೇಲೆ ಆಶ್ಚರ್ಯ ಹೋಗಿ ಭಯ ಬಂತು.

ಭಯ ಯಾಕೆ ಅಂತ ಹೇಳುತ್ತೇನೆ. ಈ ಪೆಟ್ಟಿಗೆಯಲ್ಲಿ ಮಲಗಿದಾಗ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಬೆಚ್ಚಗೆ, ಹಿತವಾಗಿ ಇರುತ್ತದೆ, ನಿದ್ದೆ ಬರುತ್ತದೆ ಅಷ್ಟೇ. ಕೈಗೆ ಬಿಸಿ ಎಣ್ಣೆ ಹಾರಿದರೆ ತಕ್ಷಣ ಕೈ ಎಳೆದುಕೊಳ್ಳುತ್ತೇವೆ, ಆದರೆ ಯುವಿ ಸುಟ್ಟರೆ ಹಾಗಲ್ಲ. ಚರ್ಮ ಕೆಂಪಾಗಲು ಕೆಲವು ಗಂಟೆ ಬೇಕು, ಅದು ಜೋರಾಗುವುದು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ. ಅಂದರೆ ಇವತ್ತು ಸುಟ್ಟಿದೆಯೋ ಇಲ್ಲವೋ ಅನ್ನುವುದು ನಾಳೆ ಗೊತ್ತಾಗುತ್ತದೆ. ಅದಕ್ಕೇ ಅಮೆರಿಕದ ಹಲವು ರಾಜ್ಯಗಳಲ್ಲಿ ಒಮ್ಮೆ ಮಲಗಿ ಎದ್ದವರನ್ನು 24 ಗಂಟೆಯ ಒಳಗೆ ಮತ್ತೆ ಒಳಗೆ ಬಿಡಬಾರದು ಅಂತ ನಿಯಮ. ಬೆಳಿಗ್ಗೆ ಬಂದವರು ಸಂಜೆ ಮತ್ತೆ ಬಂದು 'ಏನೂ ಬಣ್ಣ ಬಂದೇ ಇಲ್ಲ, ಇನ್ನೊಂದು ಸಲ ಬಿಡಿ' ಎನ್ನುತ್ತಿದ್ದರು. ಬೆಳಗಿನ ಸುಡುವಿಕೆ ಅವರ ಚರ್ಮದೊಳಗೆ ಇನ್ನೂ ಹೊರಬರದೆ ಕೂತಿರುತ್ತಿತ್ತು. ನಾಳೆ ಬನ್ನಿ ಅನ್ನದೆ ಇನ್ನೇನು ಅನ್ನಲಿ?

ಮೊದಲ ವಾರದ ಲೆಕ್ಕವಂತೂ ಇನ್ನೂ ಬಿಗಿ. ಅಲ್ಲಿನ ಎಫ್‌ಡಿಎ, ಅಂದರೆ ಔಷಧ ಮತ್ತು ವೈದ್ಯಕೀಯ ಉಪಕರಣಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, 1986ರಲ್ಲೇ ಒಂದು ಅಳತೆ ಹೇಳಿತ್ತು. ಒಬ್ಬರ ಚರ್ಮ ತುಸು ಕೆಂಪಾಗಲು ಎಷ್ಟು ಕಿರಣ ಬೇಕೋ, ಹೊಸಬರಿಗೆ ಅದರ ಮುಕ್ಕಾಲು ಪಾಲು ಮಾತ್ರ ಕೊಡಬೇಕು, ಮೊದಲ ವಾರದಲ್ಲಿ ಮೂರೇ ಸಲ. ಆಮೇಲೆ ನಿಧಾನವಾಗಿ ಏರಿಸಬೇಕು. ಪ್ರತಿ ಬೆಡ್ಡಿನ ಮೇಲೂ ಈ ವೇಳಾಪಟ್ಟಿಯ ಚೀಟಿ ಅಂಟಿಸಿರಬೇಕು. ಗಿರಾಕಿಯ ಚರ್ಮ ಯಾವ ಬಗೆಯದು ಅಂತ ನೋಡಿ, ಅದಕ್ಕೆ ತಕ್ಕ ನಿಮಿಷವನ್ನು ಆ ಚೀಟಿಯಿಂದ ಓದಿ ಟೈಮರಿಗೆ ಹಾಕಬೇಕು. ಬಿಸಿಲಿಗೆ ಹೋದರೆ ಸುಡುವುದೇ ಹೊರತು ಕಂದಾಗುವುದೇ ಇಲ್ಲ ಎಂಬಂಥ ಚರ್ಮದವರು ಇರುತ್ತಾರೆ, ಕೆಂಪು ಕೂದಲು, ಮುಖದ ತುಂಬಾ ಚುಕ್ಕೆ. ಅವರಿಗೆ ನಾಳೆಯೂ ಬೇಡ, ನಾಡಿದ್ದೂ ಬೇಡ. ದುಡ್ಡು ವಾಪಸ್ ಕೊಟ್ಟು ಕಳಿಸಬೇಕು.

ಎಲ್ಲ ಕಡೆ ಹೀಗೆ ಮಾಡುತ್ತಿದ್ದರಾ? ಇಲ್ಲ. 2012ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿಯವರು ಬಿಳಿಚರ್ಮದ ಹದಿಹರೆಯದ ಹುಡುಗಿಯರ ಹಾಗೆ ಮಾತಾಡಿ ದೇಶದ 300 ಸಲೂನುಗಳಿಗೆ ಫೋನ್ ಮಾಡಿ ನೋಡಿದರು. ನೂರಕ್ಕೆ ತೊಂಬತ್ತು ಕಡೆ, ಇದರಿಂದ ಆರೋಗ್ಯಕ್ಕೆ ಏನೂ ತೊಂದರೆ ಇಲ್ಲ ಅಂದರು. ಮುಕ್ಕಾಲು ಪಾಲು ಕಡೆ, ಬೇಕಾದರೆ ದಿನಾ ಬನ್ನಿ ಅಂದರು.

ತೊಂದರೆ ಇಲ್ಲ ಅನ್ನುವುದು ಸುಳ್ಳು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಪೆಟ್ಟಿಗೆಗಳನ್ನು ಮೊದಲ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪು ಅದು, ಬೀಡಿ ಸಿಗರೇಟು ಇರುವುದೂ ಅಲ್ಲೇ. ಅದೇ ವರ್ಷ ಬ್ರೆಜಿಲ್ ಅಂದಕ್ಕಾಗಿ ಟ್ಯಾನಿಂಗ್ ಬೆಡ್ ಬಳಸುವುದನ್ನೇ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್‌ನ ಕ್ಲೇರ್ ಆಲಿವರ್ ಎಂಬ ಹುಡುಗಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಿಂದ 2007ರಲ್ಲಿ ತೀರಿಕೊಂಡಳು. ಆಗ ಅವಳಿಗೆ 26 ವರ್ಷ. ಸಾಯುವ ಮುಂಚಿನ ದಿನಗಳಲ್ಲಿ ಅವಳು ಹಾಸಿಗೆಯಿಂದಲೇ ಈ ಸಲೂನುಗಳ ಬಗ್ಗೆ ಎಚ್ಚರಿಸಿದಳು. ಮೊದಲು ಕಟ್ಟುನಿಟ್ಟಿನ ನಿಯಮ ಬಂತು, ಆಮೇಲೆ ಒಂದೊಂದೇ ರಾಜ್ಯದಲ್ಲಿ ಈ ವ್ಯಾಪಾರವೇ ನಿಂತಿತು. ಈಗ ಅಲ್ಲಿ ದುಡ್ಡು ತೆಗೆದುಕೊಂಡು ಟ್ಯಾನಿಂಗ್ ಬೆಡ್ ನಡೆಸುವ ಹಾಗಿಲ್ಲ. ಅಮೆರಿಕದಲ್ಲಿ ಇನ್ನೂ ನಡೆಸಬಹುದು, ಆದರೆ ಕ್ಯಾಲಿಫೋರ್ನಿಯಾ 2012ರಿಂದ, ನಾನಿದ್ದ ಇಲಿನಾಯ್ 2014ರಿಂದ ಹದಿನೆಂಟು ತುಂಬದವರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದವು. ಎಲ್ಲ ರಾಜ್ಯಗಳಲ್ಲೂ ಹಾಗಿಲ್ಲ.

ಪೂರ್ತಿ ನಿಲ್ಲಿಸಿದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ನಡೆಯುತ್ತಿರುವಷ್ಟು ದಿನ ಅದನ್ನು ನಡೆಸುವವರು ಏನು ಮಾಡಬೇಕು ಅನ್ನುವುದು ಗೊತ್ತಿರಬೇಕು.

ಕಣ್ಣಿನಿಂದ ಶುರು ಮಾಡುತ್ತೇನೆ. ಗಾಗಲ್ಸ್ ಇಲ್ಲದೆ ಯಾರೂ ಮಲಗಬಾರದು. ಕಣ್ಣು ಮುಚ್ಚಿಕೊಂಡರೆ ಸಾಕಲ್ವಾ ಅಂತ ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ಸಾಲದು, ರೆಪ್ಪೆಯ ಚರ್ಮ ತುಂಬಾ ತೆಳ್ಳಗೆ. ತಂಪು ಕನ್ನಡಕವೂ ಆಗುವುದಿಲ್ಲ, ಪಕ್ಕದಿಂದ ಕಿರಣ ನುಗ್ಗುತ್ತದೆ. ಇದಕ್ಕೇ ಮಾಡಿದ ಗಾಗಲ್ಸ್ ಹೇಗಿರಬೇಕೆಂದರೆ, ಸುಡುವ ಯುವಿ-ಬಿ ಕಿರಣದಲ್ಲಿ ಸಾವಿರಕ್ಕೆ ಒಂದು ಪಾಲು, ಯುವಿ-ಎ ಕಿರಣದಲ್ಲಿ ನೂರಕ್ಕೆ ಒಂದು ಪಾಲು, ಅದಕ್ಕಿಂತ ಜಾಸ್ತಿ ಒಳಗೆ ಬಿಡಬಾರದು. ಆದರೂ ಒಳಗಿನ ಗುಂಡಿಗಳು ಕಾಣುವಷ್ಟು ಬೆಳಕು ಬಿಡಬೇಕು. ಜನ ಯಾಕೆ ಹಾಕಿಕೊಳ್ಳುವುದಿಲ್ಲ ಗೊತ್ತಾ? ಕಣ್ಣ ಸುತ್ತ ಬಿಳಿ ಬಳೆ ಉಳಿಯುತ್ತದೆ, ನೋಡಲು ಚೆನ್ನಾಗಿರಲ್ಲ ಅಂತ. ಆ ಬಿಳಿ ಬಳೆಗೆ ಹೆದರಿ ಕಣ್ಣಿನ ಮೇಲ್ಪದರ ಸುಟ್ಟುಕೊಂಡವರಿಗೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹಾಕಿದ ಹಾಗೆ ನೋವು. ವರ್ಷಗಟ್ಟಲೆ ಹೀಗೇ ಆದರೆ ಪೊರೆ ಬರುವ ಅಪಾಯವೂ ಜಾಸ್ತಿ. ನಾನು ಗಾಗಲ್ಸ್ ಕೈಗೆ ಕೊಟ್ಟು, ಹಾಕಿ ತೋರಿಸಿ ಅಂತ ಕೇಳುತ್ತಿದ್ದೆ, ಕೆಲವರು ಮುಖ ಸಿಂಡರಿಸುತ್ತಿದ್ದರು, ಆದರೂ ಕೇಳುತ್ತಿದ್ದೆ.

ಟೈಮರ್ ಇರಬೇಕಾದದ್ದು ಗಿರಾಕಿಯ ಕೈಯಲ್ಲಿ ಅಲ್ಲ, ಹೊರಗೆ ನಾವು ಕೂರುವ ಟೇಬಲ್ಲಿನ ಹತ್ತಿರ. ತಾನಾಗಿ ಆರಬೇಕು. ತಾನಾಗಿ ಮತ್ತೆ ಶುರುವಾಗಬಾರದು. ಮಲಗಿದವರಿಗೆ ತಲೆ ತಿರುಗಿದರೆ, ಉಸಿರು ಕಟ್ಟಿದ ಹಾಗಾದರೆ, ಒಂದೇ ಗುಂಡಿ ಒತ್ತಿ ಆರಿಸುವ ವ್ಯವಸ್ಥೆ ಒಳಗೇ ಇರಬೇಕು, ಅದು ಎಲ್ಲಿದೆ ಅಂತ ಮಲಗುವ ಮುಂಚೆ ತೋರಿಸಬೇಕು. ಆಮೇಲೆ ಶುಚಿ. ಒಬ್ಬರು ಬೆವತು ಎದ್ದು ಹೋದ ಮೇಲೆ ಗಾಜು ಒರೆಸುವ ನೀಲಿ ನೀರು ಹಾಕಿ ಉಜ್ಜಿದರೆ ಹೊಳೆಯುತ್ತದೆ ಅಷ್ಟೇ, ರೋಗಾಣು ಸಾಯುವುದಿಲ್ಲ. ಅದಕ್ಕೆ ಬೇರೆಯದೇ ದ್ರಾವಣ ಇದೆ, ಬಾಟಲಿಯ ಮೇಲೆ ಹೇಳಿದಷ್ಟು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಗಾಗಲ್ಸಿಗೂ ಅದೇ.

ಇನ್ನು ಬಲ್ಬು. ಇದರ ಬಗ್ಗೆ ನನ್ನ ಅನುಭವವನ್ನೇ ಹೇಳಬೇಕು.

ಮಾರ್ಚ್ ತಿಂಗಳು. ಕಾಲೇಜಿಗೆ ರಜೆ, ಹುಡುಗ ಹುಡುಗಿಯರೆಲ್ಲ ಫ್ಲಾರಿಡಾದ ಕಡಲ ತೀರಕ್ಕೆ ಹೊರಡುವ ಕಾಲ. ಇಪ್ಪತ್ತು ವರ್ಷದ ಒಬ್ಬ ಹುಡುಗಿ ಬಂದಳು. ಅರ್ಜಿಯಲ್ಲಿ 'ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ' ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದಳು. ನಾನು ಚೀಟಿ ನೋಡಿ ಒಂಬತ್ತು ನಿಮಿಷ ಹಾಕಿದೆ. ಎರಡನೇ ದಿನ ಅವಳ ತಾಯಿ ಕರೆದುಕೊಂಡು ಬಂದರು. ಬೆನ್ನು, ಹೆಗಲು, ಎದೆಯೆಲ್ಲ ಬೊಬ್ಬೆ ಎದ್ದಿತ್ತು. ಅಂಗಿ ತಾಗಿದರೂ ಅಳುತ್ತಿದ್ದಳು. ಆಮೇಲೆ ಗೊತ್ತಾಗಿದ್ದು ಎರಡು ಸಂಗತಿ. ಒಂದು, ಅವಳು ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದಳು. ಆ ಮಾತ್ರೆ ಚರ್ಮವನ್ನು ಯುವಿ ಕಿರಣಕ್ಕೆ ತುಂಬಾ ಸೂಕ್ಷ್ಮ ಮಾಡುತ್ತದೆ, ಅದರಲ್ಲೂ ಈ ಪೆಟ್ಟಿಗೆಯಲ್ಲಿ ಜಾಸ್ತಿ ಇರುವ ಯುವಿ-ಎಗೆ. ಮೊಡವೆಯ ಮಾತ್ರೆಯನ್ನು ಅವಳು ಔಷಧಿ ಅಂತಲೇ ಅಂದುಕೊಂಡಿರಲಿಲ್ಲ. ಎರಡನೆಯದು, ಆ ವಾರ ಮಾಲೀಕರು ಆ ಬೆಡ್ಡಿಗೆ ಹೊಸ ಬಲ್ಬುಗಳನ್ನು ಹಾಕಿಸಿದ್ದರು. ಹಳೆಯ ಬಲ್ಬು ಸವೆದು ಸೊರಗಿರುತ್ತದೆ, ಹೊಸದು ಪೂರ್ತಿ ಕಸುವಿನಲ್ಲಿ ಉರಿಯುತ್ತದೆ. ಅದಕ್ಕೆ ತಕ್ಕಂತೆ ನಿಮಿಷ ಕಡಿಮೆ ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಡ್ ತಯಾರಿಸಿದವರು ಹೇಳಿದ ಬಲ್ಬನ್ನೇ, ಇಲ್ಲವೇ ಅದಕ್ಕೆ ಸರಿಸಮ ಎಂದು ಪ್ರಮಾಣಪತ್ರ ಇರುವುದನ್ನೇ ಹಾಕಬೇಕು. ಅಗ್ಗಕ್ಕೆ ಸಿಕ್ಕಿತು, ಬೇಗ ಬಣ್ಣ ಬರುತ್ತದೆ ಅಂತ ಬೇರೆಯದನ್ನು ಹಾಕಿದರೆ ಬೆಡ್ಡಿನ ಚೀಟಿಯಲ್ಲಿರುವ ನಿಮಿಷಗಳಿಗೆ ಅರ್ಥವೇ ಇಲ್ಲ.

ಗುಂಡಿ ಒತ್ತಿದ್ದು ನಾನು. ಆ ಹುಡುಗಿಯ ಬೆನ್ನು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಅವತ್ತಿನಿಂದ ನಾನು ಪ್ರಶ್ನೆ ಕೇಳುವ ರೀತಿ ಬದಲಾಯಿಸಿದೆ. 'ಔಷಧಿ ಇದೆಯಾ' ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. 'ಒಂದು ತಿಂಗಳಲ್ಲಿ ಯಾವ ಮಾತ್ರೆ ನುಂಗಿದಿರಿ, ಮುಖಕ್ಕೆ ಏನು ಹಚ್ಚಿದಿರಿ, ಬಿಪಿಗೆ ಏನು ತಗೊಳ್ತೀರಿ' ಅಂತ ಒಂದೊಂದೇ ಕೇಳಬೇಕು. ಬಿಪಿ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್, ಮೊಡವೆಗೆ ಐಸೋಟ್ರೆಟಿನಾಯಿನ್, ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್, ಇವೆಲ್ಲ ಇದೇ ಜಾತಿಯವು. ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಟೇಬಲ್ಲಿನ ಮೇಲೆ ಇಟ್ಟೆ.

ಇಂಗ್ಲೆಂಡಿನದೊಂದು ವಿಷಯ ಹೇಳಿಬಿಡುತ್ತೇನೆ. ಯುರೋಪಿನ ಮಾನದಂಡದ ಪ್ರಕಾರ ಈ ಬೆಡ್ಡುಗಳಲ್ಲಿ ಚರ್ಮ ಸುಡುವ ಕಿರಣದ ತೀವ್ರತೆ ಚದರ ಮೀಟರಿಗೆ 0.3 ವಾಟ್ ದಾಟಬಾರದು. ಅದು ಯುವಿ ಸೂಚ್ಯಂಕ 12ಕ್ಕೆ ಸಮ, ನಮ್ಮ ಕಡೆ ಏಪ್ರಿಲ್ ನಡುಮಧ್ಯಾಹ್ನದ ಬಿಸಿಲು ಅಂದುಕೊಳ್ಳಿ. ಮಿತಿಯೇ ಅಷ್ಟಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಳೆದು ನೋಡಿದರೆ, ಹತ್ತರಲ್ಲಿ ಒಂಬತ್ತು ಬೆಡ್ಡುಗಳು ಆ ಮಿತಿಯನ್ನೂ ದಾಟಿದ್ದವು.

ನಮ್ಮವರು ಇಲ್ಲಿಗೆಲ್ಲ ಹೋಗಲ್ಲ ಬಿಡಿ ಅಂತ ನೀವು ಅನ್ನಬಹುದು. ಹೋಗುತ್ತಾರೆ. ಒಂದು ಜನವರಿ ಸಂಜೆ ನಲವತ್ತು ದಾಟಿದ ಒಬ್ಬರು ಬಂದರು. ನನ್ನ ಹೆಸರಿನ ಪಟ್ಟಿ ನೋಡಿ, 'ಏನಮ್ಮ, ಕನ್ನಡದವರಾ?' ಅಂದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿದೆಯಂತೆ, ಆಫೀಸಿನಲ್ಲಿ ಯಾರೋ ಟ್ಯಾನಿಂಗಿಗೆ ಹೋಗಿ ಅಂದರಂತೆ.

'ಅಣ್ಣಾ, ವಿಟಮಿನ್ ಡಿ ಮಾಡುವುದು ಯುವಿ-ಬಿ. ಈ ಬಲ್ಬುಗಳಲ್ಲಿ ಬಹುಪಾಲು ಯುವಿ-ಎ. ಡಾಕ್ಟರ್ ಏನು ಕೊಟ್ಟರು?' ಎಂದೆ.

'ಮಾತ್ರೆ ಬರೆದುಕೊಟ್ಟಿದ್ದಾರೆ, ಡ್ರಾಯರ್‌ನಲ್ಲಿದೆ.'

'ಅದನ್ನೇ ನುಂಗಿ ಅಣ್ಣ. ಇಲ್ಲಿಯ ಒಂದು ಸಲದ ದುಡ್ಡಿಗಿಂತ ಅಗ್ಗ.'

ಅವರು ಹೊರಟುಹೋದರು. ಮಾಲೀಕರಿಗೆ ಸಿಟ್ಟು ಬಂತು, ಬರಲಿ. ಹಾಗೆಯೇ ಸೋರಿಯಾಸಿಸ್, ತೊನ್ನು ಇರುವವರು ಕೂಡ, ಆಸ್ಪತ್ರೆಯಲ್ಲಿ ಲೈಟ್ ಕೊಡುತ್ತಾರಲ್ಲ, ಇಲ್ಲಿ ಅಗ್ಗ ಅಂತ ಬರುತ್ತಿದ್ದರು. ಆಸ್ಪತ್ರೆಯ ಬೆಳಕು ಬೇರೆ. ಅದು ಹೆಚ್ಚಾಗಿ ಯುವಿ-ಬಿಯ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಬಳಸುತ್ತದೆ, ಎಷ್ಟು ಕೊಡಬೇಕು ಅಂತ ವೈದ್ಯರು ಲೆಕ್ಕ ಹಾಕಿರುತ್ತಾರೆ.

ಇತ್ತೀಚೆಗೆ ನನಗೆ ಜಾಸ್ತಿ ಯೋಚನೆ ಹತ್ತಿಸಿರುವುದು ಸಲೂನುಗಳಲ್ಲ. ಅಮೆರಿಕದ ಕಾಲೇಜುಗಳ ಸುತ್ತಮುತ್ತಲ ಅಪಾರ್ಟ್‌ಮೆಂಟುಗಳಲ್ಲಿ ಜಿಮ್, ಈಜುಕೊಳದ ಜೊತೆ ಒಂದು ಟ್ಯಾನಿಂಗ್ ಬೆಡ್ ಕೂಡ ಇಟ್ಟಿರುತ್ತಾರೆ, ಪುಕ್ಕಟೆ. ಟೇಬಲ್ ಇಲ್ಲ, ಕೇಳುವವರಿಲ್ಲ. ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಹೀಗೆ ನೋಡಿಕೊಳ್ಳುವವರಿಲ್ಲದೆ ಬೆಡ್ ನಡೆಸುವುದು ಕಾನೂನಿಗೇ ವಿರುದ್ಧ.

ನಮ್ಮ ಅಕ್ಕನ ಮಗ ಹೋದ ವರ್ಷ ಓದಲು ಅಮೆರಿಕಕ್ಕೆ ಹೋದ. ಒಂದು ರಾತ್ರಿ ಫೋನ್ ಮಾಡಿ, 'ಚಿಕ್ಕಮ್ಮ, ನಮ್ಮ ಬಿಲ್ಡಿಂಗಿನಲ್ಲಿ ಟ್ಯಾನಿಂಗ್ ಬೆಡ್ ಇದೆ, ರೂಂಮೇಟ್ ದಿನಾ ಹೋಗ್ತಾನೆ, ಏನಾದರೂ ಆಗುತ್ತಾ?' ಅಂದ. ಈಗಲೇ ಕೆಳಗೆ ಹೋಗಿ ಬೆಡ್ಡಿನ ಫೋಟೋ ತೆಗೆದು ಕಳಿಸು ಅಂದೆ. ಕಳಿಸಿದ. ಎಚ್ಚರಿಕೆಯ ಚೀಟಿ ಅರ್ಧ ಹರಿದುಹೋಗಿತ್ತು. ಗಾಗಲ್ಸ್ ಇಡುವ ಡಬ್ಬಿ ಖಾಲಿ. ಮುಖದ ಹತ್ತಿರದ ದೊಡ್ಡ ಬಲ್ಬಿನ ಮುಂದಿನ ಫಿಲ್ಟರ್ ಗಾಜು ಸೀಳಿತ್ತು. ಆ ಗಾಜು ಇರುವುದೇ ತೀಕ್ಷ್ಣವಾದ ಕಿರಣಗಳನ್ನು ತಡೆಯಲು, ಅದು ಒಡೆದಿದ್ದರೆ ಕೆಲವೇ ನಿಮಿಷದಲ್ಲಿ ಮುಖ ಸುಟ್ಟುಹೋಗಬಹುದು. ನಾನು ಅವನಿಗೆ ಇಷ್ಟೇ ಹೇಳಿದೆ: ಪ್ಲಗ್ ಕಿತ್ತುಹಾಕು, ಬಾಗಿಲಿಗೆ ಒಂದು ಕಾಗದ ಅಂಟಿಸು, ಬೆಳಿಗ್ಗೆ ಮ್ಯಾನೇಜರಿಗೆ ಫೋಟೋ ಸಮೇತ ಬರೆದು ಕೊಡು, ರೂಂಮೇಟಿಗೆ ಈ ರಾತ್ರಿಯೇ ಹೇಳು.

ಕಾಗದದ ಮೇಲೆ ಏನು ಬರೆಯಲಿ ಚಿಕ್ಕಮ್ಮ ಅಂತ ಕೇಳಿದ. ಗಾಜು ಒಡೆದಿದೆ, ಉರಿಸಬೇಡಿ ಅಂತ ಬರೆಯಲು ಹೇಳಿದೆ. ಮೂರನೇ ದಿನ ಆ ಕೋಣೆಗೆ ಬೀಗ ಬಿತ್ತು.

ನಮಸ್ಕಾರ.