ಕೋಲಾರದಲ್ಲಿ ‘ಕಲ್’ ಅಂದರೆ

ನಮಸ್ಕಾರ. ನಾನು ಕೋಲಾರದವಳು. ನಮ್ಮೂರಲ್ಲಿ ‘ಕಲ್’ ಅಂತ ಕಿವಿಗೆ ಬಿದ್ದರೆ, ಮಾತಾಡಿದ್ದು ಯಾರು ಅಂತ ಮೊದಲು ನೋಡಬೇಕು.

ಚಿಕ್ಕವಳಿದ್ದಾಗ ಅಜ್ಜಿ ಜೊತೆ ಕ್ಲಾಕ್ ಟವರ್ ಹತ್ತಿರದ ಟೈಲರ್ ಅಂಗಡಿಗೆ ಹೋಗುತ್ತಿದ್ದೆ. ಟೈಲರ್ ಮನೆಮಾತು ಉರ್ದು. ಒಳಗಿದ್ದ ಹುಡುಗನಿಗೆ ‘ಕಲ್’ ಅನ್ನೋರು, ನಮ್ಮ ಕಡೆ ತಿರುಗಿ ‘ನಾಳೆ ಬನ್ನಿ ಅಮ್ಮಾ’ ಅನ್ನೋರು. ನನಗೋ ಕಲ್ಲೇ ಕಣ್ಣಿಗೆ ಬರೋದು.

ಉರ್ದು, ಹಿಂದಿಯ ‘ಕಲ್’ ಹುಟ್ಟಿದ್ದು ಸಂಸ್ಕೃತದ ‘ಕಲ್ಯ’ದಿಂದ. ಹಾಗಂದರೆ ಬೆಳಗಿನ ಜಾವ. ಈಗಿನ ‘ಕಲ್’ ನಾಳೆಯೂ ಹೌದು, ನಿನ್ನೆಯೂ ಹೌದು. ಬಂದಿದ್ದೋ ಬರೋದೋ ಅನ್ನೋದನ್ನ ಕ್ರಿಯಾಪದ ಹೇಳುತ್ತೆ. ನಮ್ಮ ‘ನಾಳೆ’ ಬಂದಿದ್ದು ‘ನಾಳ್’, ಅಂದರೆ ದಿನ ಅನ್ನೋ ಮಾತಿನಿಂದ. ಅವರು ಬೆಳಗನ್ನ ಹಿಡಿದರು, ನಾವು ಇಡೀ ದಿನವನ್ನ ಹಿಡಿದೆವು. ಎಷ್ಟು ಚೆಂದ ಅಲ್ವಾ? ದೂರದ ಟರ್ಕಿಯಲ್ಲಿ ‘ಕಲ್’ ಅಂದರೆ ‘ಇಲ್ಲೇ ಇರು’ ಅಂತ. ಅದಕ್ಕೂ ಉರ್ದುವಿನ ‘ಕಲ್’ಗೂ ನಮ್ಮ ಕಲ್ಲಿಗೂ ಸಂಬಂಧವಿಲ್ಲ.

ನನಗೆ ಬೇಜಾರಾಗೋದು ಇಲ್ಲೇ. ಎರಡು ಪದ ಒಂದೇ ಥರ ಕೇಳಿಸಿದ ತಕ್ಷಣ ‘ನೋಡಿ, ನಮ್ಮ ಪದ ಅಲ್ಲಿಗೆ ಹೋಗಿದೆ’ ಅಂತ ಕೆಲವರು ವಿಡಿಯೋ ಮಾಡಿಬಿಡುತ್ತಾರೆ. ಭಾಷೆ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ನಂಟಸ್ತನ ಸುಮ್ನೆ ಸದ್ದಿನಿಂದ ಗೊತ್ತಾಗಲ್ಲ.

ಕೆಜಿಎಫ್‌ನಲ್ಲಿ ತಮಿಳರ ಮಾತು ಕೇಳಿ. ಅವರ ‘ಕಲ್’ ನಮ್ಮ ಕಲ್ಲು. ಪಲ್ ನಮ್ಮ ಹಲ್ಲು, ಪುಲ್ ನಮ್ಮ ಹುಲ್ಲು, ವಿಲ್ ನಮ್ಮ ಬಿಲ್ಲು. ಪಕಾರ ಹಕಾರವಾಗಿದೆ, ವಕಾರ ಬಕಾರವಾಗಿದೆ, ಕೊನೆಗೆ ಒಂದು ಉಕಾರ ಸೇರಿದೆ. ಒಂದು ಪದದಲ್ಲಲ್ಲ, ಸಾಲು ಸಾಲಾಗಿ. ಅರ್ಥವೂ ಕೂಡಿಬರುತ್ತೆ. ನಂಟಸ್ತನದ ಗುರುತು ಅಂದರೆ ಅದು.

ನಂಟಿರೋ ಭಾಷೆಗಳ ಮನೆಯೊಳಗೂ ಸದ್ದು ಮೋಸ ಮಾಡುತ್ತೆ. ಶ್ರೀನಿವಾಸಪುರದ ಕಡೆ ತೆಲುಗಿನವರು ‘ಕಲ್ಲು’ ಅಂದರೆ ಅದು ಕುಡಿಯೋ ಹೆಂಡ. ನಮ್ಮ ‘ಕಳ್ಳು’ ಇದೆಯಲ್ಲ, ಅದೇ. ಅವರಲ್ಲಿ ಳಕಾರ ಲಕಾರವಾಗಿದೆ, ಅಷ್ಟೇ. ಕಲ್ಲಿಗೆ ಅವರು ‘ರಾಯಿ’ ಅನ್ನುತ್ತಾರೆ.

ಊರ ಹೆಸರಲ್ಲೂ ಇದೇ ಕಥೆ. ಪಾವಗಡದ ನಿಡಗಲ್ ಅನ್ನೋ ಹೆಸರಲ್ಲಿ ಇರೋದು ಕಲ್ಲೇ: ನಿಡು ಅಂದರೆ ಉದ್ದ, ಅದರ ಜೊತೆ ಕಲ್. ಅದನ್ನ ನೋಡಿ ನಮ್ಮ ಮುಳಬಾಗಲಿನ ‘ಗಲ್’ ಕೂಡ ಕಲ್ಲೇ ಅಂದುಕೊಂಡೋರನ್ನ ನೋಡಿದ್ದೇನೆ. ಸುತ್ತ ಅಷ್ಟೊಂದು ಬಂಡೆ ಇದೆಯಲ್ಲ, ಹಾಗನ್ನಿಸೋದು ಸಹಜ. ಆದರೆ ಅದು ಮೂಡಲ ಬಾಗಿಲು.