ಓಡಿ ಬಂದ ತಂದೆ, ಕಳೆದುಹೋದ ಮುಖ

ಸ್ನೇಹಿತರೇ,

ಒಂದು ಚೀನೀ ಪದದಿಂದ ಆರಂಭಿಸುತ್ತೇನೆ: ‘ತ್ಸುಯ್’. ಚೀನೀ ಬೈಬಲ್‌ನಲ್ಲಿ ಪಾಪಕ್ಕೆ ಬಳಸುವ ಪದ ಇದು. ನ್ಯಾಯಾಲಯದಲ್ಲಿ ಕಳ್ಳನ ಮೇಲೆ ಹೊರಿಸುವ ಅಪರಾಧಕ್ಕೂ ಇದೇ ಪದ. ಪ್ರಚಾರಕನೊಬ್ಬ ‘ನೀನು ಪಾಪಿ’ ಎಂದರೆ ಕೇಳುಗನ ಕಿವಿಗೆ ‘ನೀನು ಅಪರಾಧಿ’ ಎಂದೇ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ತೆರಿಗೆ ಕಟ್ಟಿ, ಮುದಿ ತಾಯಿಯನ್ನು ನೋಡಿಕೊಂಡು, ಯಾರ ತಂಟೆಗೂ ಹೋಗದೆ ಬದುಕಿದ ಮೇಷ್ಟರಿಗೆ ಹಾಗೆಂದರೆ ‘ನಾನು ಯಾವ ಕಾನೂನು ಮುರಿದೆ ಸ್ವಾಮಿ?’ ಎಂದು ಅವರು ಕೇಳುವುದು ಸಹಜವೇ. ನಮ್ಮ ‘ಪಾಪ’ಕ್ಕೆ ಇಷ್ಟು ಕಷ್ಟವಿಲ್ಲ. ಎಡವಿ ಬಿದ್ದ ಮಗುವನ್ನು ಕಂಡಾಗಲೂ ನಾವು ‘ಅಯ್ಯೋ ಪಾಪ’ ಎನ್ನುತ್ತೇವೆ.

ಈ ಮೇಷ್ಟರಂಥವರನ್ನು ಕಂಡು ‘ಚೀನೀಯರಿಗೆ ಪಾಪಪ್ರಜ್ಞೆಯೇ ಇಲ್ಲ’ ಎಂದು ತೀರ್ಮಾನಿಸಿದ ಹೊರಗಿನವರುಂಟು. ಅವರು ಹುಡುಕಿದ್ದು ತಪ್ಪು ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. ಕಾನೂನು ಮತ್ತು ಶಿಕ್ಷೆಯಿಂದ ಆಳಿದರೆ ಜನ ಶಿಕ್ಷೆಯನ್ನು ತಪ್ಪಿಸಿಕೊಳ್ಳುತ್ತಾರೆ, ಆದರೆ ಅವರಿಗೆ ನಾಚಿಕೆ ಹುಟ್ಟುವುದಿಲ್ಲ. ಸದ್ಗುಣ ಮತ್ತು ಸದಾಚಾರಗಳಿಂದ ನಡೆಸಿದರೆ ನಾಚಿಕೆಯೂ ಹುಟ್ಟುತ್ತದೆ, ನಡತೆಯೂ ನೆಟ್ಟಗಾಗುತ್ತದೆ ಎಂದವನು ಕನ್‌ಫ್ಯೂಷಿಯಸ್. ಅವನ ಪರಂಪರೆಯ ಚಿಂತಕ ಮೆನ್ಸಿಯಸ್ ಇನ್ನೂ ಮುಂದೆ ಹೋಗಿ, ನಾಚುವ ಹೃದಯವೇ ನೀತಿಯ ಮೊಳಕೆ ಎಂದ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಾಚಿಕೆಯ ಮೂಲಕವೇ ತಪ್ಪನ್ನು ಗುರುತಿಸುತ್ತ ಬಂದವರಿಗೆ ನ್ಯಾಯಾಲಯದ ರೂಪಕವೊಂದನ್ನೇ ಹಿಡಿದು ಕೊಟ್ಟರೆ ಹೇಗೆ?

ಇಲ್ಲಿ ‘ಮುಖ’ದ ಮಾತು ಬರುತ್ತದೆ. ಅದಕ್ಕೆ ಚೀನೀಯಲ್ಲಿ ಎರಡು ಪದಗಳಿವೆ. ಇವುಗಳ ವ್ಯತ್ಯಾಸವನ್ನು ಮಾನವಶಾಸ್ತ್ರಜ್ಞೆ ಹೂ ಶಿಯೆನ್‌ಚಿನ್ 1944ರ ತಮ್ಮ ಲೇಖನವೊಂದರಲ್ಲಿ ಬಿಡಿಸಿಟ್ಟರು. ‘ಮಿಯೆನ್‌ತ್ಸು’ ಎಂದರೆ ಹುದ್ದೆ, ಹಣ, ಸಾಧನೆಗಳಿಂದ ಬರುವ ಪ್ರತಿಷ್ಠೆ. ‘ಲಿಯೆನ್’ ಎಂದರೆ ಸಜ್ಜನನೆಂದು ಸಮಾಜ ಇಡುವ ನಂಬಿಕೆ. ಮೊದಲನೆಯದು ನಮ್ಮ ಮರ್ಯಾದೆ, ಎರಡನೆಯದು ಮಾನ ಎನ್ನಬಹುದು. ಮರ್ಯಾದೆ ಕಡಿಮೆಯಾದವನು ಮತ್ತೆ ಗಳಿಸಿಯಾನು. ಮಾನ ಹೋದವನು ನಾಲ್ಕು ಜನರ ಮುಂದೆ ಮುಖ ಎತ್ತಲಾರ.

ಈಗ ಕೆಲವರು ಸುಲಭದ ದಾರಿಯೊಂದನ್ನು ಸೂಚಿಸುತ್ತಾರೆ: ಕ್ರಿಸ್ತನು ಕಳೆದುಹೋದ ಮುಖವನ್ನು ಹಿಂದಿರುಗಿಸುತ್ತಾನೆ ಎಂದು ಸಾರಿದರೆ ಸಾಕಲ್ಲವೇ? ಅದಕ್ಕೆ ಆಧಾರ ಧಾರಾಳವಾಗಿದೆ. ಹಣ್ಣು ತಿಂದ ಆದಾಮ ಹವ್ವರು ಮೊದಲು ಮಾಡಿದ ಕೆಲಸ ಎಲೆ ಹೊಲಿದು ಮೈ ಮುಚ್ಚಿಕೊಂಡದ್ದು, ಆಮೇಲೆ ಮರಗಳ ನಡುವೆ ಅಡಗಿಕೊಂಡದ್ದು. ಕ್ರಿಸ್ತನನ್ನು ನಂಬುವವರು ಯಾರೂ ನಾಚಿಕೆಗೆ ಗುರಿಯಾಗುವುದಿಲ್ಲ ಎನ್ನುತ್ತಾನೆ ಅಪೊಸ್ತಲ ಪೌಲ. ಅಲ್ಲಿಯವರೆಗೆ ನನ್ನ ಒಪ್ಪಿಗೆಯಿದೆ. ಆದರೆ ನಡುವೆ ಶಿಲುಬೆಯೊಂದು ನಿಂತಿದೆಯಲ್ಲ, ಅದನ್ನು ಏನು ಮಾಡುವುದು?

ಈ ಪ್ರಶ್ನೆ ಮತ್ತೆಯೋ ರಿಚ್ಚಿಯನ್ನೂ ಕಾಡಿತ್ತು. ಇಟಲಿಯ ಈ ಜೆಸ್ವಿಟ್ (ಕ್ಯಾಥೊಲಿಕರ ಯೇಸುಸಂಘದ) ಪಾದ್ರಿ 1582ರಲ್ಲಿ ಮಕಾವಿಗೆ ಬಂದಿಳಿದು, ಮೊದಲು ಬೌದ್ಧ ಭಿಕ್ಷುವಿನ ನಿಲುವಂಗಿ ತೊಟ್ಟು, ಅದಕ್ಕೆ ಗೌರವ ಸಾಲದೆಂದು ಕಂಡು ವಿದ್ವಾಂಸರ ರೇಷ್ಮೆ ಉಡುಪಿಗೆ ಬದಲಾದವನು. ಮುಖದ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. 1600ರಲ್ಲಿ ಬೀಜಿಂಗಿನ ದಾರಿಯಲ್ಲಿ ಮಾ ತಾಂಗ್ ಎಂಬ ನಪುಂಸಕ ಅಧಿಕಾರಿ ಅವನ ಸಾಮಾನುಗಳನ್ನು ತಪಾಸಣೆ ಮಾಡಿದಾಗ ರಕ್ತದ ಬಣ್ಣ ಬಳಿದಿದ್ದ, ಕ್ರಿಸ್ತನ ಮೂರ್ತಿಯಿದ್ದ ಶಿಲುಬೆಯೊಂದು ಸಿಕ್ಕಿತು. ಇದು ಚಕ್ರವರ್ತಿಯನ್ನು ಕೊಲ್ಲಲು ಮಾಡಿದ ಮಾಟ ಎಂದು ಅವನು ಕೂಗಾಡಿದ. ರಿಚ್ಚಿ ಆ ಗಳಿಗೆಯಲ್ಲಿ ಇವನೇ ದೇವರು ಎನ್ನಲು ಹಿಂಜರಿದು, ನಮ್ಮ ದೇಶದ ಮಹಾಸಂತನೊಬ್ಬ ಎಂದು ಜಾರಿಕೊಂಡ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ 1660ರ ದಶಕದಲ್ಲಿ ಯಾಂಗ್ ಗ್ವಾಂಗ್‌ಶಿಯೆನ್ ಎಂಬ ವಿರೋಧಿ, ಜೆಸ್ವಿಟರ ಪುಸ್ತಕದಲ್ಲಿದ್ದ ಶಿಲುಬೆಯ ಚಿತ್ರಗಳನ್ನೇ ಮತ್ತೆ ಅಚ್ಚು ಹಾಕಿಸಿ, ನೋಡಿ, ಇವರ ದೇವರು ಮರಣದಂಡನೆಗೆ ಗುರಿಯಾದ ದಂಗೆಕೋರ ಎಂದು ಸಾರಿದ. ಸಂತನೆಂದು ಮರೆಮಾಚಿದ್ದನ್ನು ಶತ್ರು ನೇರವಾಗಿ ಓದಿದ್ದ. ಶಿಲುಬೆ ಎಂದರೆ ಊರ ಮುಂದೆ ಬೆತ್ತಲೆ ತೂಗುಹಾಕುವ ಶಿಕ್ಷೆ. ಮಾನ ತೆಗೆಯುವುದೇ ಅದರ ಉದ್ದೇಶ.

ಮುಖ ಒಬ್ಬನ ಸ್ವತ್ತಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದರಲ್ಲಿ ಸತ್ತ ಅಜ್ಜನಿಗೂ ಪಾಲಿದೆ. ಪಿತೃಗಳ ಮುಂದೆ ಊದಿನಕಡ್ಡಿ ಹಚ್ಚಿ ಬಾಗುವುದನ್ನು ಬಿಟ್ಟ ಮಗ ಇಡೀ ವಂಶದ ತಲೆ ತಗ್ಗಿಸುತ್ತಾನೆ. ರಿಚ್ಚಿ ಇದನ್ನು ಹಿರಿಯರಿಗೆ ತೋರುವ ಗೌರವವೆಂದು ಬಗೆದು ಕ್ರೈಸ್ತರಾದವರಿಗೂ ನಡೆಸಲು ಬಿಟ್ಟಿದ್ದ. ಅವನ ನಂತರ ಬಂದ ಬೇರೆ ಕ್ಯಾಥೊಲಿಕ್ ಸಂಘಗಳವರು ವಿಗ್ರಹಾರಾಧನೆ ಎಂದರು. ಆ ಜಗಳ ನಮ್ಮ ದಕ್ಷಿಣ ಭಾರತವನ್ನೂ ಮುಟ್ಟಿತ್ತು. ಪೋಪನ ರಾಯಭಾರಿ ಟೂರ್ನೋನ್ ಚೀನಾಕ್ಕೆ ಹೋಗುವ ಹಾದಿಯಲ್ಲಿ ಪುದುಚೇರಿಯಲ್ಲಿ ತಂಗಿ, 1704ರಲ್ಲಿ ಇಲ್ಲಿನ ಜೆಸ್ವಿಟರು ಒಪ್ಪಿಕೊಂಡಿದ್ದ ದೇಶಾಚಾರಗಳನ್ನು ನಿಷೇಧಿಸಿಯೇ ಮುಂದಕ್ಕೆ ಹೊರಟ. ಚೀನಾದಲ್ಲಿ ಅವನಿಗೆ ಕಾಂಗ್‌ಶಿ ಚಕ್ರವರ್ತಿ ವಿರೋಧಿಯಾಗಿ ನಿಂತ. 1742ರಲ್ಲಿ ರೋಮ್ ಚೀನೀ ಪಿತೃಪೂಜೆಯ ಮೇಲೆ ಕೊನೆಯ ನಿಷೇಧ ಹಾಕಿ, 1939ರಲ್ಲಿ ಅದನ್ನು ಸಡಿಲಿಸಿತು. ಆ ನಡುವೆ, 1920ರ ದಶಕದಲ್ಲಿ, ‘ಒಬ್ಬ ಕ್ರೈಸ್ತ ಹೆಚ್ಚಿದರೆ ಒಬ್ಬ ಚೀನೀಯ ಕಡಿಮೆಯಾದ’ ಎಂಬ ಘೋಷಣೆ ಹುಟ್ಟಿತು. ಇಂದು ಪ್ರೊಟೆಸ್ಟಂಟ್ ಕುಟುಂಬಗಳು ಊದಿನಕಡ್ಡಿಯ ಬದಲು ಹೂವಿಟ್ಟು ಸ್ಮರಣೆಯ ಆರಾಧನೆ ನಡೆಸುವುದುಂಟು. ಅಜ್ಜಿಯ ಕಣ್ಣಿಗೆ ಅದು ಸಾಲುತ್ತದೆಯೇ ಎಂಬ ಪ್ರಶ್ನೆ ಮನೆಮನೆಯಲ್ಲೂ ಬೇರೆ ಬೇರೆ.

ಚೀನೀ ಮಗುವಿಗೂ ಗೊತ್ತಿರುವ ಒಂದು ಕಥೆಯಿದೆ. ಝಾವ್ ರಾಜ್ಯದ ಸೇನಾಪತಿ ಲಿಯೆನ್ ಪೋ, ತನಗಿಂತ ಮೇಲಿನ ಪದವಿ ಪಡೆದ ಮಂತ್ರಿ ಲಿನ್ ಶಿಯಾಂಗ್‌ರುವನ್ನು ಅವಮಾನಿಸಲು ಕಾದಿದ್ದ. ನಾವಿಬ್ಬರು ಕಾದಾಡಿದರೆ ಶತ್ರು ರಾಜ್ಯಕ್ಕೆ ಲಾಭ ಎಂದು ಮಂತ್ರಿ ದಾರಿ ಬದಲಿಸುತ್ತ ಹೋದ. ಅದು ತಿಳಿದ ಸೇನಾಪತಿ ಬರಿಮೈಯಲ್ಲಿ, ಬೆನ್ನಿಗೆ ಮುಳ್ಳಿನ ಕಟ್ಟು ಹೊತ್ತು, ಹೊಡೆಯಿರಿ ಎಂದು ಅವನ ಬಾಗಿಲಿಗೆ ಬಂದ. ಇದರಿಂದ ಹುಟ್ಟಿದ ನುಡಿಗಟ್ಟಿನಲ್ಲಿ ಮತ್ತದೇ ‘ತ್ಸುಯ್’ ಇದೆ: ಮುಳ್ಳು ಹೊತ್ತು ತ್ಸುಯ್ ಬೇಡುವುದು. ನ್ಯಾಯಾಧೀಶನಿಲ್ಲ, ಕಾನೂನಿಲ್ಲ, ಆದರೂ ಪಶ್ಚಾತ್ತಾಪ ಎಂದರೇನೆಂದು ಎಲ್ಲರಿಗೂ ತಿಳಿಯುತ್ತದೆ. ಪಾಪಕ್ಕೆ ಚೀನೀ ಪದ ಒದಗದೆಂದು ಕೊರಗುವವರು ಈ ಕಥೆಯನ್ನು ಕೇಳಬೇಕು. ತಪ್ಪೊಪ್ಪಿದವನು ಇಲ್ಲಿ ಮುಖ ಉಳಿಸಿಕೊಳ್ಳಲಿಲ್ಲ, ತಾನೇ ಹೋಗಿ ಕಳೆದುಕೊಂಡ.

ಇದರ ಪಕ್ಕದಲ್ಲಿ ಲೂಕನ ಸುವಾರ್ತೆಯ ದುಂದುಗಾರ ಮಗನನ್ನು ನಿಲ್ಲಿಸಿ ನೋಡಿ. ಹಿಂದಿರುಗಿದ ಪೋಲಿ ಮಗನಿಗೆ ಚಿನ್ನವೂ ಸಾಟಿಯಲ್ಲ ಎಂಬ ಗಾದೆ ಚೀನೀಯಲ್ಲೂ ಇದೆ. ತಂದೆ ಬದುಕಿರುವಾಗಲೇ ಪಾಲು ಕೇಳಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಕಾದು ಬಂದವನು ಮಗ. ಅವನೂ ಮುಳ್ಳಿನ ಕಟ್ಟು ಹೊತ್ತವನೇ; ಅವನ ಕಟ್ಟು ಬಾಯಿಪಾಠ ಮಾಡಿಕೊಂಡ ಮೂರು ಮಾತು. ಆದರೆ ಬಾಗಿಲಲ್ಲಿ ಕಾದು ಕೂರಬೇಕಾದ ಯಜಮಾನ, ಊರವರ ಕಣ್ಣೆದುರೇ, ಹುಡುಗರಂತೆ ಓಡಿ ಬಂದ. ಊರಿನಲ್ಲಿ ಮುಖ ಕಳೆದುಕೊಂಡವನು ಈಗ ಯಾರು? ಮಗ ಮಾತು ಶುರು ಮಾಡಿದ. ತಂದೆಯ ವಿರುದ್ಧ ಪಾಪ ಮಾಡಿದೆ ಎಂದ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ ಎಂದ. ಕೂಲಿಯಾಳಾಗಿ ಇಟ್ಟುಕೊಳ್ಳಿ ಎಂಬ ಮೂರನೆಯ ಮಾತು ಬಾಯಿಗೆ ಬರುವ ಮೊದಲೇ ತಂದೆ ಆಳುಗಳತ್ತ ತಿರುಗಿ, ನಿಲುವಂಗಿ ತನ್ನಿ ಎಂದಿದ್ದ.