ನಿಧಾನವಾದ ಆ ಹತ್ತು ಮಕ್ಕಳು

ಬೆಳಿಗ್ಗೆ 5.40. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ.

ಮುಂದೆ ಬಿಳಿ ಟೋಪಿ ಹಾಕಿಕೊಂಡು ನಡೆಯುತ್ತಿರುವವರು ನಮ್ಮಪ್ಪ. ಪಕ್ಕದಲ್ಲಿ ನೀಲಿ ಸ್ವೆಟರಿನ ಅಮ್ಮ. ಅಪ್ಪನ ಕುತ್ತಿಗೆಯಲ್ಲಿ ನೇತಾಡುತ್ತಿದೆಯಲ್ಲ, ಅದು ಸ್ಟಾಪ್‌ವಾಚ್. ಸ್ವಲ್ಪ ಹತ್ತಿರ ತೋರಿಸುತ್ತೇನೆ ನೋಡಿ. ಗಾಜಿನ ಮೇಲೆ ಉದ್ದಕ್ಕೆ ಒಂದು ಗೀರು. ಮಧ್ಯದ ಬಟನ್ ಮೇಲಿದ್ದ ಬಣ್ಣ ಸವೆದು ಹೋಗಿದೆ. ಹಗ್ಗ ಮಾತ್ರ ಹೊಸದು, ನನ್ನ ಹಳೇ ಶೂ ಲೇಸ್.

ಅಪ್ಪ 33 ವರ್ಷ ಸೈಕಾಲಜಿ ಪಾಠ ಮಾಡಿದವರು. ಸಂಜೆ ನಾಲ್ಕರ ಮೇಲೆ ಅವರನ್ನು ಹುಡುಕಬೇಕಾದರೆ ಸ್ಟಾಫ್ ರೂಮಿಗೆ ಯಾರೂ ಹೋಗುತ್ತಿರಲಿಲ್ಲ. ಸೀದಾ ಮೈದಾನಕ್ಕೆ ಬರುತ್ತಿದ್ದರು. ಹುಡುಗರು ಇಟ್ಟ ಹೆಸರು 'ಗ್ರೌಂಡ್ ಸಾರ್'. ವೈವಾದಲ್ಲಿ ಯಾರಾದರೂ ತಡವರಿಸಿದರೆ, ಮಾರನೇ ದಿನ ಅವರನ್ನು ಕರೆದುಕೊಂಡು ಟ್ರ್ಯಾಕ್ ಸುತ್ತ ಎರಡು ಸುತ್ತು ಹಾಕುತ್ತಿದ್ದರು. ಮೇಜಿನ ಎದುರು ಬಾಯಿ ಬಿಡದವರು ನಡೆಯುತ್ತಾ ನಡೆಯುತ್ತಾ ಎಲ್ಲ ಹೇಳಿಬಿಡುತ್ತಿದ್ದರಂತೆ.

ಅಪ್ಪ ಓದಿದ್ದು ಇದೇ ಕೆರೆಯಾಚೆ, ಮಾನಸಗಂಗೋತ್ರಿಯಲ್ಲಿ. ಮೈಸೂರಿನಲ್ಲಿ ಸೈಕಾಲಜಿ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ರೇಡಿಯೊ ನಡೆಸಿದರಲ್ಲ, ಅವರೇ. ಈ ಮಾತು ಬಂದಾಗಲೆಲ್ಲ ಅಪ್ಪನ ಮುಖ ಅರಳುತ್ತದೆ. "ಮೇಷ್ಟ್ರು ಅಂದ್ರೆ ಹಾಗಿರಬೇಕು. ವಿದ್ಯೆ ಕಾಲೇಜಿನ ಗೇಟ್ ಹತ್ರಾನೇ ನಿಂತುಬಿಡಬಾರದು" ಅನ್ನುತ್ತಾರೆ.

ನಮ್ಮ ಮನೆಯಲ್ಲಂತೂ ಅದು ಗೇಟ್ ಹತ್ರ ನಿಲ್ಲಲಿಲ್ಲ.

2004ರಲ್ಲಿ ನನಗೆ ಹದಿನೈದು. ದಸರಾ ಕ್ರೀಡಾಕೂಟ, ಚಾಮುಂಡಿ ವಿಹಾರ ಕ್ರೀಡಾಂಗಣ, 800 ಮೀಟರ್ ಓಟ. ಬೆಳಿಗ್ಗೆ ಒಬ್ಬಳೇ ಓಡಿದಾಗ 2 ನಿಮಿಷ 34 ಸೆಕೆಂಡ್ ಬರುತ್ತಿತ್ತು. ಅವತ್ತು ಪಕ್ಕದಲ್ಲಿ ಏಳು ಜನ ನಿಂತ ತಕ್ಷಣ ಕಾಲು ನನ್ನದಲ್ಲ ಅನ್ನಿಸಿಬಿಟ್ಟಿತು. 2 ನಿಮಿಷ 41 ಸೆಕೆಂಡ್. ಐದನೇ ಸ್ಥಾನ. ಮನೆಗೆ ಬಂದು ಶೂ ಬಿಚ್ಚದೆ ಕೂತಿದ್ದೆ.

ರಾತ್ರಿ ಊಟ ಆದ ಮೇಲೆ ಅಪ್ಪ ಅಮ್ಮನ ಹೊಲಿಗೆ ಡಬ್ಬಿಯಿಂದ ದಾರದ ರೀಲ್ ತಂದು ನನ್ನ ಮುಂದಿಟ್ಟರು. "ನಾರ್ಮನ್ ಟ್ರಿಪ್ಲೆಟ್ ಅಂತ ಒಬ್ಬ ಇದ್ದ" ಅಂತ ಶುರು ಮಾಡಿದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದವನು. ಸೈಕಲ್ ರೇಸಿನ ಹುಚ್ಚು. ಸವಾರರು ಒಬ್ಬರೇ ತುಳಿಯುವುದಕ್ಕಿಂತ ಜೊತೆಗೆ ಯಾರಾದರೂ ಇದ್ದಾಗ ಜಾಸ್ತಿ ವೇಗವಾಗಿ ಹೋಗುತ್ತಾರೆ ಅನ್ನುವುದು ಅವನ ಕಣ್ಣಿಗೆ ಬಿತ್ತು. ಯಾಕೆ ಹೀಗೆ ಅಂತ ನೋಡಲು ನಲವತ್ತು ಮಕ್ಕಳ ಕೈಗೆ ಮೀನು ಹಿಡಿಯುವ ಗಾಳದ ರೀಲ್ ಕೊಟ್ಟು ಸುತ್ತಿಸಿದ. ಒಮ್ಮೆ ಒಬ್ಬರೇ, ಒಮ್ಮೆ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ. ಅದನ್ನು ಅಚ್ಚು ಹಾಕಿಸಿದ್ದು 1898ರಲ್ಲಿ.

"ಜೊತೆಗಿದ್ದರೆ ವೇಗ ಹೆಚ್ಚುತ್ತೆ ಅಂತ ಎಲ್ಲ ಕಡೆ ಪಾಠ ಮಾಡ್ತಾರೆ. ಹೆಚ್ಚಿದ್ದು ಇಪ್ಪತ್ತು ಮಕ್ಕಳಿಗೆ ಮಾತ್ರ. ಹತ್ತು ಮಕ್ಕಳಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಇನ್ನು ಹತ್ತು ಮಕ್ಕಳು ನಿಧಾನ ಆದರು. ಗೆಲ್ಲಲೇಬೇಕು ಅನ್ನೋ ಆತುರಕ್ಕೆ ಕೈ ಬಿಗಿಯಾಯ್ತು." ಅಪ್ಪ ರೀಲನ್ನು ನನ್ನ ಅಂಗೈಯಲ್ಲಿ ಇಟ್ಟರು. "ನೀನು ಆ ಹತ್ತರಲ್ಲಿ ಒಬ್ಬಳು ಕಣೇ. ನಂಗೆ ಆ ಹತ್ತು ಮಕ್ಕಳ ಮೇಲೇ ಪ್ರೀತಿ ಜಾಸ್ತಿ."

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟು ಹಗುರ ಆಗಿತ್ತು.

ಮಾರನೇ ವಾರದಿಂದ ಕೆಲಸ ಶುರು. ಮೊದಲು ಅಮ್ಮ ಸುಮ್ನೆ ಬೆಂಚ್ ಮೇಲೆ ಕೂತರು. ಆಮೇಲೆ ಅಪ್ಪನ ಒಬ್ಬ ಸ್ಟೂಡೆಂಟ್ ನನ್ನ ಹಿಂದೆ ಓಡಿದಳು. ಒಂದು ತಿಂಗಳಾದ ಮೇಲೆ ಪಕ್ಕದಲ್ಲಿ ಓಡಿದಳು. ಆಮೇಲೆ ಇಬ್ಬರು, ನಾಲ್ವರು, ಆರು ಜನ. ಉಪ್ಪಿನಕಾಯಿಗೆ ಖಾರ ಹಾಕಿದ ಹಾಗೆ, ಸ್ವಲ್ಪ ಸ್ವಲ್ಪ. ಮರುವರ್ಷ ಅದೇ ಟ್ರ್ಯಾಕಿನಲ್ಲಿ 2 ನಿಮಿಷ 33 ಸೆಕೆಂಡ್. ಮೂರನೇ ಸ್ಥಾನ. ಅಮ್ಮ ಮೆಡಲನ್ನು ದೇವರ ಮನೆಯಲ್ಲಿ ಇಟ್ಟರು, ಇನ್ನೂ ಅಲ್ಲೇ ಇದೆ.

2010ರ ಜನವರಿಯ ರಣಜಿ ಫೈನಲ್ ನಿಮಗೆ ನೆನಪಿರಬೇಕು. ಇಲ್ಲೇ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, ಮುಂಬೈ ಮೇಲೆ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ನಾವೆಲ್ಲ ಹೋಗಿದ್ದೆವು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಆದರೂ 331ಕ್ಕೆ ಆಲೌಟ್. ಆರು ರನ್ನಿನಿಂದ ಸೋತೆವು. ತಮ್ಮ ಆಗ ಹನ್ನೆರಡರ ಹುಡುಗ. ರಾತ್ರಿ ಊಟ ಬೇಡ ಅಂದ. ಅಪ್ಪ ಸಮಾಧಾನದ ಮಾತೇ ಆಡಲಿಲ್ಲ. "ಬ್ಯಾಟ್ ತಗೊಂಡು ಬಾ" ಅಂದರು. ಬೀದಿ ದೀಪದ ಕೆಳಗೆ, ಉಳಿದಿದ್ದ ಆ ಏಳು ರನ್ ಅವನು ಹೊಡೆಯುವವರೆಗೂ ಬೌಲ್ ಮಾಡಿದರು. ಎದುರು ಮನೆಯ ಗೇಟಿಗೆ ಬಾಲ್ ತಾಗಿದರೆ ನಾಲ್ಕು. ಆಮೇಲೆ ಇಬ್ಬರೂ ಒಳಗೆ ಬಂದು ಅನ್ನ ಸಾರು ಉಂಡರು.

ಮೂರು ವರ್ಷದ ಹಿಂದೆ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ನೋವು ಅಂದರೆ ನೋವು. ಹಾಸಿಗೆಯಿಂದ ನಡುಮನೆಯ ಕಿಟಕಿಯವರೆಗೆ ಹನ್ನೆರಡು ಹೆಜ್ಜೆ, ಅಷ್ಟರಲ್ಲೇ ಸಾಕು ಅನ್ನುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಆಂಟಿ ಬಂದಾಗ ಅಮ್ಮ ಅಡುಗೆಮನೆವರೆಗೂ ನಡೆದುಬಿಟ್ಟರು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಫೋನ್ ಮಾಡಿ ಪಿಸುಮಾತಿನಲ್ಲಿ ಹೇಳಿದರು, "ನಿಮ್ಮಮ್ಮ ಆ ಇಪ್ಪತ್ತರಲ್ಲಿ ಒಬ್ಬಳು!" ಅವತ್ತಿನಿಂದ ಅಪ್ಪ ದಿನಾ ಹನ್ನೊಂದು ಗಂಟೆಗೆ ಬೀದಿಯಲ್ಲಿ ಯಾರನ್ನಾದರೂ ಕಾಫಿಗೆ ಕರೆಯುತ್ತಿದ್ದರು. ಕಾಫಿ ಬೆರೆಸುತ್ತಿದ್ದವರೂ ಅವರೇ. ಹೆಜ್ಜೆ ಲೆಕ್ಕ ಹಾಲಿನ ಲೆಕ್ಕದ ಪುಸ್ತಕದಲ್ಲಿ ಇದೆ. 12, 14, 19, 30. ಒಂದು ಕಡೆ 9 ಅಂತಲೂ ಇದೆ. ಅದರ ಪಕ್ಕ ಅಪ್ಪ ಬರೆದಿದ್ದಾರೆ: ಮಳೆ, ಯಾರೂ ಬರಲಿಲ್ಲ.

ಅದೇ ಅಮ್ಮ ಈಗ ಕೆರೆ ಏರಿ ಮೇಲೆ ನಡೆಯುತ್ತಿದ್ದಾರೆ. ನೋಡಿ, ಎದುರಿಂದ ವಾಕಿಂಗ್ ಗೆಳತಿಯರು ಬಂದರು, ಅಮ್ಮನ ಹೆಜ್ಜೆ ಚುರುಕಾಯಿತು. ಅಪ್ಪ ಬೇಕಂತಲೇ ನಾಲ್ಕು ಹೆಜ್ಜೆ ಹಿಂದೆ ಉಳಿದರು. ಆಚೆ ನೀರಿನ ಮೇಲೆ ಹೆಜ್ಜಾರ್ಲೆಗಳು ಇಳಿಯುತ್ತಿವೆ.

ಕಲ್ಲು ಬೆಂಚ್ ಬಂತು. ದಿನಾ ಇಲ್ಲಿಗೆ ಮುಗಿಸುತ್ತಾರೆ. ಅಮ್ಮ ಏದುಸಿರು ಬಿಡುತ್ತಾ ತಿರುಗಿ ಕೇಳಿದರು, "ಎಷ್ಟಾಯ್ತು?"

ಅಪ್ಪ ವಾಚ್ ನೋಡಿದರು. "ಹಕ್ಕಿ ನೋಡ್ತಾ ಬಟನ್ ಒತ್ತೋದೇ ಮರೆತೆ ಕಣೇ."

"ಹಾಗಾದ್ರೆ ಇನ್ನೊಂದು ಸಲ" ಅಂದು ಅಮ್ಮ ಆಗಲೇ ಹೊರಟರು.